ಮರದ ಹಡಗಿನ ಪಟ್ಟಿಗಳು ಬಿಟ್ಟುಕೊಂಡರೆ: ದೋಷ ಹುಡುಕುವ ದಾರಿ

ಕಳೆದ ಮಾರ್ಚ್‌ನ ಒಂದು ಭಾನುವಾರ ಮಂಡ್ಯದಿಂದ ಮೇಷ್ಟರು ಬಂದರು. ತೋಳಿನಲ್ಲಿ ಟವೆಲ್ ಸುತ್ತಿದ ಹಡಗಿನ ಒಡಲು. ಬಸ್ಸಿನಲ್ಲಿ ಪಕ್ಕದ ಹೆಂಗಸು ‘ಮಗುವಿಗೆ ಹುಷಾರಿಲ್ಲವೇ?’ ಎಂದು ಕೇಳಿದರಂತೆ. ಹುಷಾರಿಲ್ಲದ್ದು ನಿಜವೇ ಆಗಿತ್ತು. 1:64 ಅಳತೆಯ, ಒಂದೇ ಹಾಯಿಗಂಬದ ಕಟ್ಟರ್ ಹಡಗಿನ ಪುಟ್ಟ ಮಾದರಿಯನ್ನು ಮನೆಯಲ್ಲೇ ಜೋಡಿಸುವ ಕಿಟ್ ಅದು. ಜುಲೈ ತಿಂಗಳಲ್ಲಿ ಮೊದಲ ಪದರದ ಪಟ್ಟಿಗಳನ್ನೆಲ್ಲ ಹೊದಿಸಿ ಮುಗಿಸಿದಾಗ ಮೈ ಬೂದುಗುಂಬಳದಂತೆ ನುಣ್ಣಗಿತ್ತಂತೆ. ಈಗ ಎಡಬದಿಯಲ್ಲಿ ಉದ್ದುದ್ದಕ್ಕೆ ಏಳು ಗೆರೆಗಳು, ಮೂತಿಯ ಹತ್ತಿರ ನಾಲ್ಕನೆಯ ಪಟ್ಟಿಯ ಅಂಚು ಉಗುರಿಗೆ ಸಿಕ್ಕುವಷ್ಟು ಮೇಲೆದ್ದಿದೆ. ಮೇಷ್ಟರು ಫೆವಿಕಾಲ್‌ಗೆ ಮರದ ಹೊಟ್ಟು ಕಲಸಿ ಎರಡು ಸಲ ಮೆತ್ತಿದ್ದರು. ಎರಡು ಸಲವೂ ಮೆತ್ತಿದ ಜಾಗದ ಪಕ್ಕಕ್ಕೇ ಮತ್ತೆ ಬಿಟ್ಟುಕೊಂಡಿತ್ತು.

‘ಎಲ್ಲೆಲ್ಲಿ ಬಿಟ್ಟಿದೆ ನೋಡಿ’ ಎಂದು ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದರು.

‘ಎಲ್ಲಿ ಎನ್ನುವುದು ಇರಲಿ ಮೇಷ್ಟರೇ, ಯಾವಾಗ ಬಿಟ್ಟಿತು?’ ಎಂದೆ.

ಅವರಿಗೆ ಸ್ವಲ್ಪ ಬೇಸರವಾಯಿತು. ಆದರೆ ಹನ್ನೆರಡು ವರ್ಷ ಈ ಹವ್ಯಾಸದಲ್ಲಿ ಕೈ ಸುಟ್ಟುಕೊಂಡ ಮೇಲೆ ನಾನು ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಹಡಗಿನ ಒಡಲಿನಲ್ಲಿ ದೋಷ ಕಾಣುವ ಜಾಗ ಬಹಳ ಸಲ ದಾರಿ ತಪ್ಪಿಸುತ್ತದೆ. ಕಾಣಿಸಿಕೊಂಡ ಕಾಲ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಲೆಕ್ಕ ಹೀಗಿದೆ. ಕ್ಲಿಪ್ ತೆಗೆದ ಕೂಡಲೇ ಪಟ್ಟಿ ಎದ್ದರೆ ಅದರ ಆಕಾರವೇ ಆ ಜಾಗಕ್ಕೆ ಒಪ್ಪಿಲ್ಲ, ನೀವು ಬಲವಂತ ಮಾಡಿದ್ದೀರಿ ಎಂದು ಅರ್ಥ. ಒಂದೆರಡು ದಿನ ನಿಂತು ಆಮೇಲೆ ಎದ್ದರೆ ಅಂಟನ್ನು ಅನುಮಾನಿಸಿ, ಇಲ್ಲವೇ ನೆನೆಸಿದ ಪಟ್ಟಿಯನ್ನು ಪೂರ್ತಿ ಒಣಗುವ ಮೊದಲೇ ಅಂಟಿಸಿದ್ದನ್ನು ನೆನಪಿಸಿಕೊಳ್ಳಿ. ಮೂರು ನಾಲ್ಕು ತಿಂಗಳು ಸುಮ್ಮನಿದ್ದು, ಕಾಲ ಬದಲಾದ ಮೇಲೆ ಕೂದಲೆಳೆಯ ಗೆರೆಗಳು ಮೂಡಿದರೆ ಅದು ಹವೆಯ ಕೆಲಸ. ಉಪ್ಪು ಕಾಗದ ಹಿಡಿದು ಉಜ್ಜುವಾಗಷ್ಟೇ ಹಳ್ಳ ದಿಣ್ಣೆ ಗೊತ್ತಾದರೆ ಪಟ್ಟಿಗಳದ್ದು ಏನೂ ತಪ್ಪಿಲ್ಲ, ಒಳಗಿನ ಅಸ್ಥಿಪಂಜರ ಸರಿಯಿಲ್ಲ. ಅಸ್ಥಿಪಂಜರ ಅಂದರೆ ಉದ್ದಕ್ಕೆ ಒಂದು ಬೆನ್ನುಹಲಗೆ, ಅದಕ್ಕೆ ಪಕ್ಕೆಲುಬಿನಂತೆ ಅಡ್ಡ ನಿಲ್ಲಿಸಿದ ಅಡ್ಡಹಲಗೆಗಳು; ಪಟ್ಟಿಗಳನ್ನು ಅಂಟಿಸುವುದು ಇವುಗಳ ಅಂಚಿಗೆ.

ಮೇಷ್ಟರನ್ನು ಕೂರಿಸಿ ಕಾಫಿ ಕೊಟ್ಟು ಕೆದಕಿದಾಗ ಎರಡು ಸಂಗತಿಗಳು ಹೊರಬಿದ್ದವು. ಗೆರೆಗಳು ಮೂಡಿದ್ದು ಶಿವರಾತ್ರಿಯ ಆಚೀಚೆ. ನಾಲ್ಕನೆಯ ಪಟ್ಟಿ ಮಾತ್ರ ಅಂಟಿಸಿದ ದಿನವೇ ಎದ್ದಿತ್ತು. ‘ಆಗಲೇ ಎದ್ದಿತ್ತು, ಸೂಪರ್ ಗ್ಲೂ ಹಾಕಿ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೂತಿದ್ದೆ’ ಎಂದರು. ಒಂದೇ ಒಡಲಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು. ಎರಡಕ್ಕೂ ಒಂದೇ ಮದ್ದು ಹಾಕಿದ್ದರಿಂದ ಯಾವುದೂ ವಾಸಿಯಾಗಿರಲಿಲ್ಲ.

ಮೊದಲು ಟಾರ್ಚ್ ಇಟ್ಟು ನೋಡಿ

ಮೇಲ್ಗಟ್ಟೆಯ (ಡೆಕ್) ಹಲಗೆ ಕೂರಿಸುವ ಮೊದಲಾದರೆ ಈ ಪರೀಕ್ಷೆಗೆ ಐದು ನಿಮಿಷ ಸಾಕು. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ ಒಡಲಿನೊಳಗೆ ಇಡಿ. ಬೆಳಕು ಎಲ್ಲಿ ಸೋರುತ್ತದೋ ಅಲ್ಲಿ ಸಂದು ಆರಪಾರ ಬಿಟ್ಟಿದೆ. ಹಗಲಿನಲ್ಲಿ ಗೆರೆಯಂತೆ ಕಂಡದ್ದು ಕತ್ತಲಲ್ಲಿ ಬೆಳಗದಿದ್ದರೆ ಅದು ಬರೀ ಮೇಲ್ಮೈಯ ಗೀರು, ತಲೆ ಕೆಡಿಸಿಕೊಳ್ಳಬೇಡಿ. ಬೆಳಗಿದ ಪ್ರತಿ ಗೆರೆಯ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ದಿನಾಂಕ ಮರೆಯಬೇಡಿ. ಮುಂದೆ ಉಪಯೋಗಕ್ಕೆ ಬರುವುದು ಅದೇ.

ಇದಾದ ಮೇಲೆ ಉಗುರಿನಿಂದ ತಟ್ಟುವುದು. ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಡ್ಡಹಲಗೆಯ ನೇರಕ್ಕೆ ಪಟ್ಟಿಯನ್ನು ತಟ್ಟಿದಾಗ ಗಟ್ಟಿಯಾದ ಸಣ್ಣ ಸದ್ದು ಬರಬೇಕು. ‘ಡಬ್’ ಎಂದು ಪೊಳ್ಳಾಗಿ ಬಂದರೆ ಅಲ್ಲಿ ಪಟ್ಟಿ ಅಂಟಿಕೊಂಡಿಲ್ಲ, ಪಕ್ಕದ ಪಟ್ಟಿಗಳ ಆಸರೆಯಲ್ಲಿ ನಿಂತಿದೆ. ಮೇಷ್ಟರ ಹಡಗಿನಲ್ಲಿ ಗೆರೆ ಬಿಟ್ಟ ಕಡೆಯೆಲ್ಲ ಸದ್ದು ಗಟ್ಟಿಯಾಗಿಯೇ ಇತ್ತು. ಪೊಳ್ಳು ಕೇಳಿಸಿದ್ದು ಒಂದೇ ಕಡೆ: ಮೂತಿಯಿಂದ ಎರಡನೆಯ ಅಡ್ಡಹಲಗೆ, ಮೇಲಿನಿಂದ ನಾಲ್ಕನೆಯ ಪಟ್ಟಿ. ಅಂಟು ಬಿಟ್ಟಿದ್ದರಿಂದ ಗೆರೆ ಮೂಡಿದೆ ಎಂಬ ಅವರ ಅನುಮಾನ ಅಲ್ಲಿಗೆ ಮುಗಿಯಿತು. ಅಂಟು ಹಿಡಿದೇ ಇದೆ, ಕುಗ್ಗಿರುವುದು ಮರ.

ಕಾಲದ ಜೊತೆ ಬಂದ ಗೆರೆಗಳು

ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ, ಚೆನ್ನಾಗಿ ಉಬ್ಬುತ್ತದೆ. ಸುತ್ತಲಿನ ಗಾಳಿಯ ತೇವಾಂಶ ಶೇ. 80ರ ಹತ್ತಿರ ನಿಂತರೆ ಮರ ತನ್ನ ಒಣತೂಕದ ಸುಮಾರು ಶೇ. 16ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಶೇ. 40ಕ್ಕೆ ಇಳಿದರೆ ಮರದ ನೀರು ಶೇ. 8ಕ್ಕೆ ಬಂದು ನಿಲ್ಲುತ್ತದೆ. ಕಿಟ್‌ಗಳಲ್ಲಿ ಮೊದಲ ಪದರಕ್ಕೆ ಕೊಡುವ ಲೈಮ್ ಅಥವಾ ಬಾಸ್‌ವುಡ್ ಎಂಬ ಮೆದು ಮರ ಈ ವಿಷಯದಲ್ಲಿ ಬಲು ಚಂಚಲ ಜಾತಿ. ಹಸಿ ಮರದಿಂದ ಪೂರ್ತಿ ಒಣಗುವ ಹೊತ್ತಿಗೆ ಬಾಸ್‌ವುಡ್ ಅಡ್ಡಕ್ಕೆ ಶೇ. 9ರಷ್ಟು ಕುಗ್ಗುತ್ತದೆ. ಈ ಕುಗ್ಗುವಿಕೆ ಶುರುವಾಗುವುದು ಮರದ ನೀರು ಶೇ. 30ರ ಕೆಳಗೆ ಇಳಿದ ಮೇಲೆ. ಅಂದರೆ ನೀರು ಒಂದೊಂದು ಶೇಕಡಾ ಇಳಿದಾಗಲೂ ಅಗಲದಲ್ಲಿ ಶೇ. 0.3 ಕಡಿಮೆಯಾಗುತ್ತದೆ ಎಂದಿಟ್ಟುಕೊಳ್ಳಿ. ಪಟ್ಟಿಯನ್ನು ಸೀಳಿದ ರೀತಿ ನೋಡಿಕೊಂಡು ಇದು ಸ್ವಲ್ಪ ಹೆಚ್ಚು ಕಡಿಮೆಯಾದೀತು.

ಮೇಷ್ಟರ ಪಟ್ಟಿಗಳ ಅಗಲ 5 ಮಿ.ಮೀ. ಶೇ. 16ರಿಂದ 8ಕ್ಕೆ ಇಳಿದರೆ ಒಂದು ಪಟ್ಟಿ ಕುಗ್ಗುವುದು 0.12 ಮಿ.ಮೀ. ತಲೆಗೂದಲಿಗಿಂತ ತುಸು ದಪ್ಪ, ಅಷ್ಟೇ. ಆದರೆ ಒಂದು ಬದಿಗೆ ಅಂಥವು 21 ಇವೆ. ಒಟ್ಟು ಎರಡೂವರೆ ಮಿ.ಮೀ. ಎಲ್ಲಿಗೆ ಹೋಗಬೇಕು? ಪಟ್ಟಿಗಳು ಅಡ್ಡಹಲಗೆಗೆ ಅಂಟಿವೆ, ಜರುಗುವಂತಿಲ್ಲ. ಹಾಗಾಗಿ ಜೋಡಣೆ ಎಲ್ಲಿ ದುರ್ಬಲವೋ ಅಲ್ಲಿ ಬಾಯಿ ಬಿಡುತ್ತದೆ. ಮೇಷ್ಟರು ಅಂಟಿಸಿದ್ದು ಜುಲೈನಲ್ಲಿ. ನಮ್ಮ ಮೈಸೂರು ಮಂಡ್ಯದ ಕಡೆ ಆ ತಿಂಗಳು ಮಲೆನಾಡಿನ ಹಾಗೆ ಧೋ ಎಂದು ಸುರಿಯುವುದಿಲ್ಲ. ನಮಗೆ ದೊಡ್ಡ ಮಳೆ ಬರುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಮಳೆಯೇ ಬರಲಿಲ್ಲವಲ್ಲ ಎಂದು ನಾವು ಮೋಸ ಹೋಗುವುದು ಇಲ್ಲೇ. ಜುಲೈನ ಮೋಡ ಮುಸುಕಿದ ಗಾಳಿಯಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಮನೆಯಲ್ಲಿ ಹಪ್ಪಳ ಮೆತ್ತಗಿರುವ ದಿನ ಪಟ್ಟಿ ಅಂಟಿಸಬೇಡಿ. ತೇವಾಂಶ ಮಾಪಕ ಕೊಂಡುಕೊಳ್ಳುವ ಮೊದಲು ನಾನು ಪಾಲಿಸುತ್ತಿದ್ದ ನಿಯಮ ಇದು. ಮಾಪಕ ಬಂದ ಮೇಲೂ ಹಪ್ಪಳ ಹೇಳಿದ್ದು ಹೆಚ್ಚು ಸಲ ತಪ್ಪಿಲ್ಲ.

ಗೆರೆಗಳು ಎಡಬದಿಯಲ್ಲಿ ಮಾತ್ರ ಯಾಕೆ ಎಂದು ನಾನು ಕೇಳಿದೆ. ಒಡಲನ್ನು ಇಟ್ಟಿದ್ದ ಬೀರು ಪಶ್ಚಿಮದ ಕಿಟಕಿಯ ಪಕ್ಕದಲ್ಲಿತ್ತು, ಎಡಬದಿ ಕಿಟಕಿಗೆ ಮುಖ ಮಾಡಿತ್ತು. ಫೆಬ್ರವರಿಯ ಇಳಿಬಿಸಿಲು ದಿನವೂ ಎರಡು ಗಂಟೆ ಅದರ ಮೇಲೆ ಬಿದ್ದಿದೆ. ಒಂದು ಬದಿ ಮಾತ್ರ ಬಿಟ್ಟುಕೊಂಡರೆ ಹಡಗನ್ನು ಬಿಟ್ಟು ಮೊದಲು ಕೋಣೆಯನ್ನು ನೋಡಿ.

ಬೇಸಿಗೆಯಲ್ಲಿ ಎತ್ತಿನ ಗಾಡಿಯ ಚಕ್ರ ಒಣಗಿ ಪಟ್ಟಾ ಸಡಿಲವಾದರೆ ಕೆರೆಯ ನೀರಿನಲ್ಲಿ ಮುಳುಗಿಸಿಡುವುದನ್ನು ಮಂಡ್ಯದ ಹಳ್ಳಿಗಳಲ್ಲಿ ನೋಡಿದವರಿಗೆ ಇದೆಲ್ಲ ಹೊಸದಲ್ಲ. ನಿಜವಾದ ಹಡಗಿಗೂ ಅದೇ ಉಪಾಯ. ಸಂದಿನಲ್ಲಿ ನಾರು ತುರುಕಿ ಡಾಂಬರು ಹಚ್ಚಿ ನೀರಿಗೆ ಇಳಿಸಿದರೆ ಹಲಗೆಗಳು ಉಬ್ಬಿ ಒಂದನ್ನೊಂದು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ನಮ್ಮ ಹಡಗಿಗೆ ಆ ಭಾಗ್ಯವಿಲ್ಲ, ಬೀರುವಿನ ಮೇಲೆ ಒಣಗುವುದೇ ಅದರ ಹಣೆಬರಹ. ಮರದ ಜಾತಿಯೂ ಲೆಕ್ಕಕ್ಕೆ ಬರುತ್ತದೆ ಅನ್ನಿ. 1817ರಲ್ಲಿ ಬೊಂಬಾಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಬಾಸ್‌ವುಡ್‌ಗೆ ಹೋಲಿಸಿದರೆ ತೇಗ ಅಡ್ಡಕ್ಕೆ ಕುಗ್ಗುವುದು ಬಹಳ ಕಡಿಮೆ. ಆದರೂ ಕಿಟ್‌ನ ಪಟ್ಟಿಗಳ ಬದಲು ತೇಗ ಸೀಳಿಸಿ ಹಾಕುತ್ತೇನೆ ಎಂದು ಹೊರಡಬೇಡಿ. ಅದರ ಎಳೆ ಒರಟು, 1:64ರಲ್ಲಿ ಹಡಗಿನ ಮೈ ಗೋಣಿಚೀಲದಂತೆ ಕಾಣುತ್ತದೆ.

ಇನ್ನು ದುರಸ್ತಿ. ಮೇಷ್ಟರ ಹೊಟ್ಟು ಎರಡು ಸಲವೂ ಯಾಕೆ ಸೋತಿತು? ಫೆವಿಕಾಲ್ ನೀರಿನ ಅಂಟು. ಅದು ಸಂದಿನ ಅಂಚುಗಳನ್ನು ನೆನೆಸಿ ಉಬ್ಬಿಸುತ್ತದೆ. ಉಬ್ಬಿದ ಸಂದಿಗೆ ಸರಿಯಾಗಿ ಮೆತ್ತಿ ಉಜ್ಜುತ್ತೀರಿ. ಎರಡು ದಿನದಲ್ಲಿ ಅಂಚು ಮತ್ತೆ ಕುಗ್ಗುತ್ತದೆ, ಹೊಟ್ಟಿನ ಪಕ್ಕದಲ್ಲಿ ಹೊಸ ಗೆರೆ ಹುಟ್ಟುತ್ತದೆ. ಒಂದು ವೇಳೆ ಮಾರ್ಚ್‌ನ ಮೆತ್ತು ಗಟ್ಟಿಯಾಗಿ ನಿಂತುಬಿಟ್ಟರೆ ಇನ್ನೂ ಕಷ್ಟ. ಜುಲೈನಲ್ಲಿ ಮರ ಉಬ್ಬಿದಾಗ ಅದಕ್ಕೆ ಜಾಗವಿಲ್ಲದೆ ಪಟ್ಟಿಯೇ ಬೆನ್ನೆತ್ತಿ ನಿಲ್ಲುತ್ತದೆ. ಮೆತ್ತುವುದೆಂದರೆ ನನಗೆ ಮೊದಲಿನಿಂದಲೂ ಆಗದು, ಪಕ್ಷಪಾತ ಎಂದುಕೊಂಡರೂ ಸರಿ.

ಮೇಷ್ಟರ ಕಿಟ್ ಎರಡು ಪದರದ್ದು. ಮೊದಲ ಪದರದ ಮೇಲೆ ತೆಳು ವಾಲ್‌ನಟ್ ಪಟ್ಟಿಗಳು ಬರುತ್ತವೆ. ಹಾಗಿರುವಾಗ ಕೂದಲೆಳೆಯ ಗೆರೆಗಳನ್ನು ತುಂಬಲೇಬಾರದು. ಒಡಲಿನ ಒಳಮೈಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಷ್ ಎರಡು ಕೈ ಹಚ್ಚಿಸಿದೆ. ಇದು ತೇವದ ಓಡಾಟವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ನಿಧಾನವಾದರೆ ಸಾಕು. ಮರ ಸಹಿಸದೇ ಇರುವುದು ಒಂದು ವಾರದಲ್ಲಿ ಆಗುವ ಏರಿಳಿತವನ್ನು. ಹೊರಮೈಗೆ ಹಚ್ಚಬೇಡಿ, ಎರಡನೆಯ ಪದರದ ಅಂಟು ಹಿಡಿಯುವುದಿಲ್ಲ. ಅರ್ಧ ಮಿ.ಮೀ.ಗಿಂತ ಅಗಲವಾಗಿ ಬಾಯಿಬಿಟ್ಟ ಸಂದು ಇದ್ದರೆ ಅದೇ ಮರದಿಂದ ಬೆಣೆಯ ಹಾಗೆ ಒಂದು ಸೀಳು ಕೆತ್ತಿ, ಒಣದಾಗಿ ಕೂರಿಸಿ ನೋಡಿ, ಆಮೇಲೆ ಅಂಟಿಸಿ. ಅದನ್ನೂ ನವೆಂಬರ್ ನಂತರ, ಹವೆ ಅತ್ತಲೂ ಇಲ್ಲದ ಇತ್ತಲೂ ಇಲ್ಲದ ದಿನಗಳಲ್ಲಿ ಮಾಡಿ.

ಜುಲೈನಲ್ಲಿ ನಾನು ಮಂಡ್ಯಕ್ಕೆ ಹೋದಾಗ ಅದೇ ಒಡಲಿನಲ್ಲಿ ಮತ್ತೆ ಟಾರ್ಚ್ ಇಟ್ಟು ನೋಡಿದೆವು. ಮಾರ್ಚ್‌ನಲ್ಲಿ ಬೆಳಗಿದ್ದ ಏಳು ಗೆರೆಗಳಲ್ಲಿ ಐದು ಕತ್ತಲಾಗಿದ್ದವು. ಉಳಿದ ಎರಡು ಮಾತ್ರ ಜೋಡಿಸುವಾಗಲೇ ಅಂಚು ಸರಿ ಕೂರದ ನಿಜವಾದ ತಪ್ಪುಗಳು. ಬೆಣೆ ಕೆತ್ತಬೇಕಾದದ್ದು ಎರಡಕ್ಕೆ, ಮೇಷ್ಟರು ಹೊಟ್ಟು ಮೆತ್ತಿದ್ದು ಏಳಕ್ಕೆ.

ಮುಂದಿನ ಹಡಗಿಗಾದರೂ ಒಂದು ಮಾತು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರ ಬಳಿ ನಾನು ತೆಳು ವಾಲ್‌ನಟ್ ಪಟ್ಟಿಗಳನ್ನು ತೋರಿಸಲು ಹೋಗಿದ್ದೆ. ಅವರು ಪಟ್ಟಿಯನ್ನು ಕೆನ್ನೆಗೆ ಒತ್ತಿಕೊಂಡು, ‘ಸರ್, ಇದು ಇನ್ನೂ ನಿಮ್ಮ ಮನೆಯ ಮರ ಆಗಿಲ್ಲ. ಹದಿನೈದು ದಿನ ಹೊರಗೆ ಹರಡಿಡಿ, ನಿಮ್ಮ ಮನೆಯ ಗಾಳಿ ಕುಡಿಯಲಿ’ ಎಂದರು. ಕೆನ್ನೆಗೆ ತಣ್ಣಗೆ ತಾಗಿದರೆ ತೇವ ಇದೆ ಎಂದು ಅವರ ಲೆಕ್ಕ. ಆಮೇಲೆ ನಾನು ಯಾವ ಕಿಟ್ ಬಂದರೂ ಪೊಟ್ಟಣ ಬಿಚ್ಚಿ ಪಟ್ಟಿಗಳನ್ನು ಎರಡು ವಾರ ಕೆಲಸದ ಮೇಜಿನ ಮೇಲೆ ಹರಡಿಟ್ಟೇ ಕೈ ಹಾಕುವುದು.

ಮೂತಿಯಲ್ಲಿ ಎದ್ದ ಪಟ್ಟಿ

ಇದು ಲೆಕ್ಕದ ತಪ್ಪು. ಹೊಸಬರಲ್ಲಿ ನಾನು ಅತಿ ಹೆಚ್ಚು ನೋಡಿರುವುದೂ ಇದನ್ನೇ.

ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಚಪ್ಪಟೆ ಬದಿಯಲ್ಲಿ ಎಷ್ಟು ಬೇಕಾದರೂ ಬಾಗಿಸಬಹುದು. ಅಂಚಿನ ದಿಕ್ಕಿಗೆ ಬಾಗಿಸಲು ಹೋಗಿ ನೋಡಿ, ತಿರುಚಿಕೊಂಡು ಮೇಲೇಳುತ್ತದೆ. ಮರದ ಪಟ್ಟಿಯ ಸ್ವಭಾವವೂ ಅದೇ. ಹಡಗಿನ ಮೈ ನಡುವಿನಲ್ಲಿ ಹೊಟ್ಟೆಯಂತೆ ಅಗಲ, ಮೂತಿಯಲ್ಲಿ ಕಿರಿದು. ಒಂದೇ ಅಗಲದ ಪಟ್ಟಿಗಳನ್ನು ಸಾಲಾಗಿ ಕೂರಿಸುತ್ತ ಹೋದರೆ ಮೂತಿಯಲ್ಲಿ ಜಾಗ ಸಾಲದೆ ಅವು ಒಂದರ ಮೇಲೊಂದು ಹತ್ತುತ್ತವೆ. ಹತ್ತಬಾರದೆಂದು ಅಂಚಿನ ದಿಕ್ಕಿಗೆ ಒತ್ತಿದರೆ ಎದುರಿನ ಅಂಚು ಏಳುತ್ತದೆ. ಛತ್ರಿಯ ಬಟ್ಟೆಯನ್ನು ನೋಡಿ, ಒಂದೊಂದು ತುಂಡೂ ತುದಿಗೆ ಹೋಗುತ್ತ ಕಿರಿದಾಗುತ್ತದೆ. ಹಾಗೆ ಕತ್ತರಿಸದೆ ಹೊಲಿದಿದ್ದರೆ ಛತ್ರಿಯ ತುದಿಯಲ್ಲಿ ಬಟ್ಟೆಯ ಗಂಟು ನಿಲ್ಲುತ್ತಿತ್ತು.

ಪರೀಕ್ಷೆಗೆ ಬೇಕಾದದ್ದು ಒಂದು ಉದ್ದನೆಯ ಕಾಗದದ ಚೂರು. ಅದನ್ನು ನಡುವಿನ ಅಡ್ಡಹಲಗೆಯ ಅಂಚಿಗೆ ಮೇಲಿನಿಂದ ಕೆಳಗೆ ಸುತ್ತಿ ಗುರುತು ಮಾಡಿ, ಬಿಚ್ಚಿ ಅಳೆಯಿರಿ. ಮೇಷ್ಟರ ಹಡಗಿನಲ್ಲಿ 105 ಮಿ.ಮೀ. ಬಂತು. 5 ಮಿ.ಮೀ.ನ 21 ಪಟ್ಟಿಗಳಿಗೆ ಸರಿಹೋಯಿತು. ಮೂತಿಯ ಮೊದಲ ಅಡ್ಡಹಲಗೆಯಲ್ಲಿ ಬಂದದ್ದು 63. ಅದನ್ನು 21ರಿಂದ ಭಾಗಿಸಿದರೆ ಪಟ್ಟಿಯೊಂದಕ್ಕೆ 3 ಮಿ.ಮೀ. ಅಂದರೆ ಪ್ರತಿ ಪಟ್ಟಿಯನ್ನೂ ಮೂತಿಯ ಕಡೆ 5ರಿಂದ 3ಕ್ಕೆ ಇಳಿಜಾರಾಗಿ ಕೀಸಬೇಕಿತ್ತು. ಪಟ್ಟಿಯ ತುದಿ ಮೂಲ ಅಗಲದ ಅರ್ಧಕ್ಕಿಂತ ಕಿರಿದಾಗಬಾರದು ಎನ್ನುವುದು ಹಳೆಯ ನಿಯಮ. ಇಲ್ಲಿ ಅರ್ಧವೆಂದರೆ ಎರಡೂವರೆ, ಹಾಗಾಗಿ ಮೂರು ನಡೆಯುತ್ತದೆ. ನಿಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ಎರಡು ಪಟ್ಟಿಗಳನ್ನು ಮೂತಿಯ ಹತ್ತಿರ ಒಂದೇ ಪಟ್ಟಿಗೆ ಸೇರಿಸಿ ಮುಗಿಸಬೇಕು. ಹಿಂಬದಿಯಲ್ಲಿ ಇದರ ತಿರುಗಾಮುರುಗಾ. ಅಲ್ಲಿ 115 ಬಂತು, ಹತ್ತು ಮಿ.ಮೀ. ಹೆಚ್ಚು. ಆ ಜಾಗವನ್ನು ಎರಡು ಬೆಣೆಯಾಕಾರದ ತುಂಡುಪಟ್ಟಿಗಳಿಂದ ತುಂಬಬೇಕು. ಇರುವ ಪಟ್ಟಿಗಳನ್ನೇ ಎಳೆದು ಹಿಗ್ಗಿಸಲು ಆಗುವುದಿಲ್ಲ.

ಮೇಷ್ಟರು ಮೊದಲ ನಾಲ್ಕು ಪಟ್ಟಿಗಳನ್ನು ಕೀಸದೆ ಪೂರ್ತಿ ಅಗಲಕ್ಕೆ ಹಾಕಿದ್ದರು. ನಾಲ್ಕನೆಯದು ಪ್ರತಿಭಟಿಸಿದಾಗ ಸೂಪರ್ ಗ್ಲೂ ಹಾಕಿ ಬಾಯಿ ಮುಚ್ಚಿಸಿದರು. ಐದನೆಯದರಿಂದ ಕಣ್ಣಳತೆಯಲ್ಲಿ ಕೀಸತೊಡಗಿದರು. ನಾಲ್ಕು ಪಟ್ಟಿಗಳು 20 ಮಿ.ಮೀ. ನುಂಗಿದ ಮೇಲೆ ಉಳಿದದ್ದು 43, ಪಟ್ಟಿಗಳು 17. ತಲಾ ಎರಡೂವರೆಗಿಂತ ಒಂದು ಕೂದಲು ಹೆಚ್ಚು. ದೇವರು ದೊಡ್ಡವನು.

ಬಿಡಿಸುವ ಕ್ರಮ: ಸೂಪರ್ ಗ್ಲೂ ಅಸಿಟೋನ್‌ಗೆ ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ತರುವುದಾದರೆ ಅಸಿಟೋನ್ ಇರುವುದನ್ನೇ ನೋಡಿ ತನ್ನಿ. ಫೆವಿಕಾಲ್ ಜಾತಿಯ ಬಿಳಿ ಅಂಟನ್ನು ಮೆದು ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಸಣ್ಣ ಕುಂಚದಿಂದ ಸಂದಿಗೆ ಹಚ್ಚಿ, ಹದಿನೈದು ನಿಮಿಷ ಕಾದು, ಮತ್ತೆ ಹಚ್ಚಿ. ತೆಳುವಾದ ಬ್ಲೇಡನ್ನು ಅಂಚಿನಡಿ ತೂರಿಸಿ. ತಾನಾಗಿ ಒಳಗೆ ಹೋಗದಿದ್ದರೆ ಇನ್ನೂ ಕಾಯಿರಿ, ತಿವಿಯಬೇಡಿ. ಎರಡೂ ದ್ರವಗಳು ಬೆಂಕಿಯನ್ನು ಥಟ್ಟನೆ ಹಿಡಿಯುತ್ತವೆ. ಕಿಟಕಿ ತೆರೆದಿರಲಿ, ದೇವರ ದೀಪ ಹಚ್ಚುವ ಹೊತ್ತಿನಲ್ಲಿ ಈ ಕೆಲಸ ಬೇಡ.

ನಾಲ್ಕನೆಯ ಪಟ್ಟಿಯನ್ನು ಮೂತಿಯಿಂದ ಐದನೆಯ ಅಡ್ಡಹಲಗೆಯವರೆಗೆ ಬಿಡಿಸಿದೆವು. ಬಿಡಿಸಿದ ಕೂಡಲೇ ಅದು ಹಾವಿನ ಮರಿಯಂತೆ ಮೂರನೆಯ ಪಟ್ಟಿಯ ಮೇಲೆ ಹತ್ತಿ ಕೂತಿತು. ನೋಡಬೇಕಾದದ್ದು ಇದನ್ನೇ: ಯಾರೂ ಒತ್ತದಿದ್ದಾಗ ಪಟ್ಟಿ ತಾನಾಗಿ ಎಲ್ಲಿ ಮಲಗಲು ಬಯಸುತ್ತದೆ? ತುದಿಯಲ್ಲಿ ಒಂದೂವರೆ ಮಿ.ಮೀ. ಮೇಲೆ ಹತ್ತಿತ್ತು, ಐದನೆಯ ಅಡ್ಡಹಲಗೆಯ ಹತ್ತಿರ ಏನೂ ಇರಲಿಲ್ಲ. ಹತ್ತಿದ ಭಾಗದ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದು, ಅಷ್ಟನ್ನೂ ಕೀಸಿ, ಮತ್ತೆ ಮಲಗಿಸಿದಾಗ ಅದು ಯಾವ ಬಲವಂತವೂ ಇಲ್ಲದೆ ಮೂರನೆಯದರ ಪಕ್ಕಕ್ಕೆ ಬಂದು ಕೂತಿತು. ಐದನೆಯ ಪಟ್ಟಿಯ ಕಡೆ ಅಷ್ಟೇ ಅಗಲದ ಸಂದು ಉಳಿಯಿತು, ಅದಕ್ಕೆ ಬೆಣೆ. ಬಿಳಿ ಅಂಟು ಹಚ್ಚಿ ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ತಟ್ಟಿದರೆ ಸದ್ದು ಗಟ್ಟಿ.

ಬಾಗಿಸುವಾಗ ಪಟ್ಟಿ ಮುರಿಯುವುದು ಬೇರೆ ಸಮಸ್ಯೆ. ಮುರಿದ ತುದಿಯನ್ನು ನೋಡಿ. ಓರೆಯಾಗಿ, ಚೊಕ್ಕವಾಗಿ ಮುರಿದಿದ್ದರೆ ಮರದ ಎಳೆಯೇ ಓರೆ. ಆ ಪಟ್ಟಿಯನ್ನು ನೇರವಾದ ಜಾಗಕ್ಕೆ ಎತ್ತಿಡಿ. ಹೊರಮೈಯಲ್ಲಿ ಉದ್ದನೆಯ ಸಿಬಿರು ಎದ್ದು ಮುರಿದಿದ್ದರೆ ಒಣಗಿದ್ದನ್ನು ಅವಸರದಲ್ಲಿ ಬಾಗಿಸಿದ್ದೀರಿ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಇಲ್ಲವೇ ಇಡ್ಲಿ ಪಾತ್ರೆಯ ಹಬೆಗೆ ಹಿಡಿಯಿರಿ. ಬಾಗಿಸಿ ಕಟ್ಟಿಟ್ಟು, ಮಾರನೆಯ ದಿನ ಒಣಗಿದ ಮೇಲೆ ಅಂಟಿಸಿ. ಒದ್ದೆಯಾಗಿರುವಾಗಲೇ ಅಂಟಿಸುವವರು ಎರಡು ದಿನದಲ್ಲಿ ಮತ್ತೆ ಈ ಬರಹದ ಮೊದಲಿಗೆ ಬರುತ್ತಾರೆ.

ಅಸ್ಥಿಪಂಜರದ ತಪ್ಪುಗಳು

ಉಜ್ಜುವಾಗ ಹಳ್ಳ ಕಂಡರೆ, ಸುತ್ತಲಿನದನ್ನು ಹಳ್ಳದ ಮಟ್ಟಕ್ಕೆ ಇಳಿಸುತ್ತೇನೆಂದು ಉಜ್ಜುತ್ತಲೇ ಹೋಗಬೇಡಿ. ಮೊದಲ ಪದರದ ದಪ್ಪ ಒಂದೂವರೆ ಮಿ.ಮೀ. ಅಷ್ಟೇ. ಹೆಬ್ಬೆರಳಿನಿಂದ ಒತ್ತಿದಾಗ ಮೈ ತಗ್ಗಿದರೆ ಈಗಾಗಲೇ ಅತಿಯಾಗಿದೆ. ಒಳಗಿನಿಂದ ತೆಳು ಬಟ್ಟೆಗೆ ಅಂಟು ಸವರಿ ಒತ್ತು ಕೊಡಿ, ಹಳ್ಳದ ಮೇಲೆ ತೆಳು ಪಟ್ಟಿಯ ಚೂರು ಅಂಟಿಸಿ ಮಟ್ಟ ಮಾಡಿ. ಇನ್ನೂ ಪಟ್ಟಿ ಹೊದಿಸದಿದ್ದರೆ ಪತ್ತೆ ಸುಲಭ. ಒಂದು ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಅಡ್ಡಹಲಗೆಗಳ ಮೇಲೆ ಬಾಗಿಸಿ ಹಿಡಿಯಿರಿ. ಯಾವ ಅಡ್ಡಹಲಗೆಯ ಮೇಲೆ ಬೆಳಕಿನ ಸಂದು ಕಾಣುತ್ತದೋ ಅದು ಗಿಡ್ಡ, ಯಾವುದರ ಮೇಲೆ ಪಟ್ಟಿ ಗೂನಾಗುತ್ತದೋ ಅದು ಉದ್ದ. ಪಟ್ಟಿ ಅಡ್ಡಹಲಗೆಯ ಅಂಚಿನ ಪೂರ್ತಿ ದಪ್ಪಕ್ಕೆ ತಾಗಬೇಕು, ಮೂಲೆಗಷ್ಟೇ ತಾಗಿದರೆ ಸಾಲದು.

ಒಡಲು ತಿರುಚಿದೆಯೇ ಎನ್ನುವುದನ್ನು ಬಡಗಿಗಳು ನೋಡುವ ರೀತಿಯಲ್ಲೇ ನೋಡಿ. ಎರಡು ನೇರವಾದ ಸ್ಕೇಲುಗಳನ್ನು, ಒಂದನ್ನು ಮೂತಿಯ ಅಡ್ಡಹಲಗೆಯ ತಲೆಯ ಮೇಲೆ, ಇನ್ನೊಂದನ್ನು ಹಿಂಬದಿಯದರ ಮೇಲೆ ಅಡ್ಡಲಾಗಿ ಇಟ್ಟು, ಒಂದು ಕಣ್ಣು ಮುಚ್ಚಿ ಒಂದರ ಹಿಂದೆ ಒಂದನ್ನು ನೋಡಿ. ಎರಡು ಗೆರೆಗಳು ಸಮಾಂತರವಾಗಿ ಕಾಣದಿದ್ದರೆ ತಿರುಚಿದೆ. ಬಹುತೇಕ ಕಾರಣ ಒಂದೇ: ಎಡಬದಿಯ ಪಟ್ಟಿಗಳನ್ನು ಒಟ್ಟಿಗೆ ಮುಗಿಸಿ ಆಮೇಲೆ ಬಲಕ್ಕೆ ಬಂದಿರುತ್ತೀರಿ. ಒದ್ದೆ ಅಂಟು ಒಣಗುತ್ತ ಬೆನ್ನುಹಲಗೆಯನ್ನು ತನ್ನ ಕಡೆಗೆ ಎಳೆದಿರುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು ಹೋಗಬೇಕು. ಎರಡೂ ಬದಿ ಹೊದಿಸಿ ಮುಗಿದ ಮೇಲೆ ತಿರುಚು ಕಂಡರೆ ಅದಕ್ಕೆ ಮದ್ದಿಲ್ಲ. ಹಡಗನ್ನು ಗೋಡೆಯ ಪಕ್ಕ, ಒಂದು ಬದಿ ಮಾತ್ರ ಕಾಣುವ ಹಾಗೆ ಇಡಿ. ನನ್ನ ಮೊದಲ ಹಡಗು ಹಾಗೆಯೇ ಇದೆ.

ಬಿಡಿ ದೂರುಗಳು

ಅಂಟಿನ ಸುತ್ತ ಬಿಳಿ ಪುಡಿಯಂತೆ ಮಸುಕು ಬಂದರೆ ಅದು ಸೂಪರ್ ಗ್ಲೂವಿನ ಆವಿ ಗಾಳಿಯ ತೇವಕ್ಕೆ ಗಟ್ಟಿಯಾಗಿ ಕೂತದ್ದು. ಮಳೆಗಾಲದಲ್ಲಿ, ಮುಚ್ಚಿದ ಕೋಣೆಯಲ್ಲಿ ಹೆಚ್ಚು. ಅಂಟು ಕಡಿಮೆ ಬಳಸಿ, ಗಾಳಿಯಾಡಲಿ.

ಪಾಲಿಷ್ ಹಚ್ಚಿದಾಗ ಅಲ್ಲಲ್ಲಿ ತಿಳಿಬಣ್ಣದ ಮಚ್ಚೆ ಉಳಿದರೆ ಅಲ್ಲಿ ಅಂಟು ಸವರಿಹೋಗಿದೆ, ಮರ ಬಣ್ಣ ಕುಡಿದಿಲ್ಲ. ಪಾಲಿಷ್‌ಗೆ ಮೊದಲು ಒಮ್ಮೆ ಸ್ಪಿರಿಟ್ ಬಟ್ಟೆಯಿಂದ ಒರೆಸಿದರೆ ಒದ್ದೆಯಿರುವ ಆ ಅರ್ಧ ನಿಮಿಷದಲ್ಲಿ ಮಚ್ಚೆಗಳೆಲ್ಲ ಕಾಣಿಸಿಬಿಡುತ್ತವೆ.

ಹಾಯಿಗಂಬದ ಹಗ್ಗಗಳು ಜೋಲು ಬಿದ್ದರೆ ಅಥವಾ ಕಂಬವನ್ನೇ ಬಾಗಿಸುವಷ್ಟು ಬಿಗಿದರೆ ಮತ್ತೆ ‘ಯಾವಾಗ’ ಎಂದೇ ಕೇಳಿ. ಹತ್ತಿಯ ಹುರಿ ತೇವ ಕುಡಿದರೆ ದಪ್ಪವಾಗಿ ಉದ್ದ ಕಡಿಮೆಯಾಗುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಜುಲೈನಲ್ಲಿ ಬಿಗಿದದ್ದು ಮಾರ್ಚ್‌ನಲ್ಲಿ ಜೋಲುತ್ತದೆ. ಏಪ್ರಿಲ್‌ನಲ್ಲಿ ತಂತಿಯಂತೆ ಬಿಗಿದದ್ದು ಮಳೆಗಾಲದಲ್ಲಿ ಕಂಬವನ್ನು ಎಳೆಯುತ್ತದೆ. ಪಾಲಿಯೆಸ್ಟರ್ ದಾರಕ್ಕೆ ಈ ಚಾಳಿ ಇಲ್ಲ.

ಕೊನೆಯದು, ಒಂದೆರಡು ವರ್ಷ ಕಳೆದ ಮೇಲೆ ಬರುವುದು. ಹಡಗಿನ ಕೆಳಗೆ ಗೋಧಿ ಹಿಟ್ಟಿನಂಥ ನುಣ್ಣನೆಯ ಪುಡಿ, ಮೈಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು ಕಂಡರೆ ಕುಟ್ಟೆ ಹುಳು ಹೊಕ್ಕಿದೆ. ಪುಡಿಯನ್ನು ಗುಡಿಸಿ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಮತ್ತೆ ಪುಡಿ ಬಿದ್ದರೆ ಹುಳು ಬದುಕಿದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ -18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಮರದ ಮೇಲೆ ನೀರು ಕೂರುತ್ತದೆ. ಫ್ರೀಜರ್‌ನಲ್ಲಿ ಬಟಾಣಿಯ ಪಕ್ಕ ಹಡಗು ಇಡಲು ಮನೆಯವರನ್ನು ಒಪ್ಪಿಸುವ ಉಪಾಯ ನನಗೂ ತಿಳಿದಿಲ್ಲ.

ಮೇಷ್ಟರು ದೀಪಾವಳಿ ಕಳೆದ ಮೇಲೆ ಎರಡನೆಯ ಪದರ ಶುರು ಮಾಡಿದರು. ಬೀರು ಈಗ ಪೂರ್ವದ ಗೋಡೆಗೆ ಬಂದಿದೆ. ಎಡಕ್ಕೊಂದು ಬಲಕ್ಕೊಂದು, ಪ್ರತಿ ಪಟ್ಟಿಯ ಒಳಮೈಯಲ್ಲಿ ದಿನಾಂಕ ಬರೆದು ಅಂಟಿಸುತ್ತಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಹನ್ನೊಂದನೆಯದರಲ್ಲಿದ್ದರು.